ಶಿಬಾತಾ-ಸಾನ್ ಕಾರು ಹತ್ತಲಿಲ್ಲ

ಮೊನ್ನೆ ಭಾನುವಾರ ಇಲ್ಲಿ ಜಪಾನಿನ ಉರಯಾಸುವಿನಲ್ಲಿ ಗೆಳತಿ ಸುಮಾಳ ಮನೆಗೆ ಊಟಕ್ಕೆ ಹೋಗಿದ್ದೆವು. ಒಳಗೆ ಬಿಸಿಬೇಳೆಬಾತಿಗೆ ಒಗ್ಗರಣೆ ಬೀಳುತ್ತಿತ್ತು. ಆದರೆ ಬಾಗಿಲು ತೆರೆದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಇಂಗಿನ ವಾಸನೆಯಲ್ಲ, ನೋವಿಗೆ ತಿಕ್ಕುವ ಮುಲಾಮಿನ ಘಾಟು. ಸುಮಾಳ ಗಂಡ ಬ್ಯಾಡ್ಮಿಂಟನ್ ಆಡಲು ಹೋಗಿ ಮೀನಖಂಡ ಹಿಡಿಸಿಕೊಂಡು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ.

"ಸಾರಿ ಶೈಲಜಾ, ಮನೆಯೆಲ್ಲ ಮೆಡಿಕಲ್ ಸ್ಟೋರ್ ಥರ ಆಗ್ಬಿಟ್ಟಿದೆ," ಎಂದಳು ಸುಮಾ.

ಶೂ ಬಿಚ್ಚಲು ಬಗ್ಗಿದವಳು ನಾನು ಹಾಗೇ ನಿಂತುಬಿಟ್ಟಿದ್ದೆ. ನನ್ನ ಗಂಡ ಪ್ರಸನ್ನ ಹಿಂದಿನಿಂದ, "ಏನಾಯ್ತು?" ಎಂದ.

"ಏನಿಲ್ಲ. ಶಿಬಾತಾ-ಸಾನ್ ಕಾಲು ನೆನಪಾಯ್ತು."

"ಮುಗೀತು," ಎಂದು ಪ್ರಸನ್ನ ಸುಮಾಳ ಕಡೆ ತಿರುಗಿದ. "ಇನ್ನು ಊಟ ಮುಗಿಯೋವರೆಗೂ ಸೈಕಲ್ ರೇಸ್ ಕೇಳ್ಬೇಕು ನೀವು."

ಹೇಳಿದೆ ಕೂಡ. ಆದರೆ ಹಪ್ಪಳ ಬಡಿಸುತ್ತಾ, ಮಧ್ಯೆ ಮಧ್ಯೆ ಮಕ್ಕಳನ್ನು ಗದರುತ್ತಾ ಹೇಳಿದ ಕಥೆ ಕಥೆಯಾಗುವುದಿಲ್ಲ. ಅದಕ್ಕೇ ನೆಟ್ಟಗೆ ಕೂತು ಬರೆಯುತ್ತಿದ್ದೇನೆ.

ಆಗ ನಾನು ಯೋಕೋಹಾಮಾ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ದುಡಿಯುವ ದೇಹ ಹೇಗೆ ಕಾಯುತ್ತದೆ, ಹೇಗೆ ಬೆವರುತ್ತದೆ, ಯಾವ ಹಂತದಲ್ಲಿ ಕೈ ಚೆಲ್ಲುತ್ತದೆ ಎಂಬುದು ನನ್ನ ವಿಷಯ. ಕೆಲಸ ಕರಾರಿನದು. ಪ್ರತಿ ಮಾರ್ಚ್ ತಿಂಗಳಲ್ಲೂ ಮುಂದುವರಿಯುತ್ತದೋ ಇಲ್ಲವೋ ಎಂದು ಪ್ರೊಫೆಸರರ ಮುಖ ನೋಡಬೇಕು. ನಲವತ್ತರ ಅಂಚಿನಲ್ಲಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವರು ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದರು. ಆ ವಸಂತದಲ್ಲಿ ನಮ್ಮ ಪ್ರಯೋಗಾಲಯಕ್ಕೂ ಕಾವಾಸಾಕಿಯ ಒಂದು ವೃತ್ತಿಪರ ಸೈಕಲ್ ತಂಡಕ್ಕೂ ಒಪ್ಪಂದವಾಯಿತು. ರೇಸುಗಳಿಗೆ ತಂಡದ ಜೊತೆ ಅಲೆಯುವ ಕೆಲಸ. ಯಾರೂ ಮುಂದೆ ಬರಲಿಲ್ಲ. ನಾನು ಬಂದೆ.

ಸೈಕಲ್ ರೇಸ್ ಎಂದರೆ ಪ್ರತಿಯೊಬ್ಬನೂ ತಾನು ಗೆಲ್ಲಲು ತುಳಿಯುತ್ತಾನೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಒಂದು ತಂಡದಿಂದ ಆರು ಜನ ಹೊರಟರೆ ಗೆಲ್ಲಬೇಕಾದವನು ಒಬ್ಬನೇ. ಉಳಿದವರು ಅವನಿಗಾಗಿ ತುಳಿಯುವವರು. ಅವನ ಮುಂದೆ ಸಾಗಿ ಗಾಳಿಯನ್ನು ತಮ್ಮ ಎದೆಗೆ ತೆಗೆದುಕೊಳ್ಳುತ್ತಾರೆ. ಹಿಂದೆ ಕಾರಿನ ತನಕ ಜಾರಿ ಎಲ್ಲರಿಗೂ ನೀರಿನ ಬಾಟಲಿ ತಂದು ಹಂಚುತ್ತಾರೆ. ಅವನ ಚಕ್ರ ಕೆಟ್ಟರೆ ತಮ್ಮದನ್ನು ಬಿಚ್ಚಿ ಕೊಡುತ್ತಾರೆ. ಇವರನ್ನು ಸಹಾಯಕ ಸವಾರರು ಎನ್ನೋಣ. ಪೇಪರಿನಲ್ಲಿ ಇವರ ಹೆಸರು ಬರುವುದಿಲ್ಲ.

ಶಿಬಾತಾ-ಸಾನ್ ('ಸಾನ್' ಎಂದರೆ ನಮ್ಮ 'ಅವರು' ಇದ್ದಂತೆ, ಮರ್ಯಾದೆಯ ಮಾತು) ಹದಿನಾರು ವರ್ಷದಿಂದ ಅಂಥ ಸವಾರ. ಒಂದು ರೇಸನ್ನೂ ಗೆದ್ದವರಲ್ಲ. ವಯಸ್ಸು ನನ್ನದೇ.

ತಂಡದ ನಿರ್ದೇಶಕರು ಓಗಾವಾ-ಸಾನ್. ಎಲ್ಲರೂ ಅವರನ್ನು 'ಕಾಂತೋಕು' ಎಂದೇ ಕರೆಯುತ್ತಿದ್ದರು, ನಮ್ಮಲ್ಲಿ ಕೋಚ್ ಎಂದಂತೆ. ನನ್ನ ಹೆಸರಿನ 'ಲ' ಜಪಾನಿ ನಾಲಿಗೆಗೆ ಹತ್ತದೆ, 'ಜಾ' ಉದುರಿಹೋಗಿ ನಾನು 'ಶೈರಾ-ಸಾನ್' ಆಗಿದ್ದೆ. ಮೊದಲ ದಿನವೇ ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು:

"ಶೈರಾ-ಸಾನ್, ಶಿಬಾತಾ ಬಯಲಿನಲ್ಲಿ ಈಗಲೂ ಗೂಳಿ. ಬೆಟ್ಟ ಬಂತೋ, ಮುಗೀತು. ಮುಂಚೆ ಸ್ವಲ್ಪ ದೂರ ಆದರೂ ರೆನ್ ಜೊತೆ ಹತ್ತುತ್ತಿದ್ದ. ಈಗ ಬುಡದಲ್ಲೇ ಹಿಂದೆ ಬಿದ್ದುಹೋಗ್ತಾನೆ. ಯಾಕೆ ಅಂತ ವಿಜ್ಞಾನದ ಮಾತಿನಲ್ಲಿ ಹೇಳಿ. ಮುಂದಿನ ವರ್ಷದ ತಂಡ ಕಟ್ಟೋಕೆ ಬೇಕು."

ರೆನ್ ತಂಡದ ಮುಖ್ಯ ಸವಾರ. ಇಪ್ಪತ್ತೆರಡರ ಹುಡುಗ, ಹಕ್ಕಿಯಂಥ ಮೈ, ಬೆಟ್ಟ ಹತ್ತುವುದರಲ್ಲಿ ನಿಸ್ಸೀಮ. ಕಾಂತೋಕುಗೆ ಬೇಕಾದ ಉತ್ತರ ಯಾವುದು ಎಂದು ಕೇಳಿದ ಕ್ಷಣವೇ ನನಗೆ ಗೊತ್ತಾಗಿತ್ತು. ಶಿಬಾತಾಗೆ ವಯಸ್ಸಾಯಿತು. ಅದನ್ನು ಹೇಳಲು ಅವರಿಗೆ ಹೊರಗಿನವರೊಬ್ಬರು ಬೇಕಿತ್ತು.

ಆ ಸಂಜೆಯೇ ಶಿಬಾತಾ-ಸಾನ್ ಸಿಕ್ಕರು. ಮಾರ್ಚಿನ ಚಳಿ, ಸಣ್ಣ ಜಿಟಿಜಿಟಿ. ತಂಡದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು, ಮೈ ಬಿಸಿ ಮಾಡುವ ಮುಲಾಮನ್ನು ತೊಡೆ ಮೀನಖಂಡಕ್ಕೆಲ್ಲ ತಿಕ್ಕಿಕೊಳ್ಳುತ್ತಿದ್ದರು. ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸೈಕಲ್ ಸವಾರರಲ್ಲಿ ಅಪರೂಪದ ಆಳ್ತನ, ಬಾಗಿಲಿನಷ್ಟು ಅಗಲದ ಬೆನ್ನು.

"ನಾನು ಬೆಟ್ಟದಲ್ಲಿ ಯಾಕೆ ಹಿಂದೆ ಬೀಳ್ತೀನಿ ಅಂತ ಹುಡುಕೋಕೆ ಬಂದವರು ನೀವೇ ಅಲ್ವಾ?" ತಲೆಯೆತ್ತದೆ ಕೇಳಿದರು.

"ಹೌದು."

"ಸಿಕ್ಕಿದರೆ ಮೊದಲು ನನಗೆ ಹೇಳಿ. ಕಾಂತೋಕುಗೆ ಆಮೇಲೆ. ಕಾಲು ನಂದು."

ಜಪಾನಿನಲ್ಲಿ ಇಷ್ಟು ವರ್ಷದಲ್ಲಿ ನನ್ನೊಡನೆ ಯಾರೂ ಹೀಗೆ ಮಾತಾಡಿರಲಿಲ್ಲ. ಸುತ್ತಿ ಬಳಸಿ, ಬಗ್ಗಿ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿಯೇ ವಿಷಯಕ್ಕೆ ಬರುವ ಜನರ ನಡುವೆ ಈ ಮನುಷ್ಯ ನೇರವಾಗಿ ಮಾತಿಗಿಳಿದಿದ್ದರು. ನನಗೆ ಆಗಲೇ ಹಿಡಿಸಿಬಿಟ್ಟರು.

ಏಪ್ರಿಲ್, ಮೇ ಪೂರ್ತಿ ನಾನು ಅವರ ಬೆನ್ನು ಹತ್ತಿದೆ. ಪ್ರಯೋಗಾಲಯದ ನಿಂತ ಸೈಕಲ್ ಮೇಲೆ ಕೂರಿಸಿ ತುಳಿಸಿದೆ. ಒಂದು ದಿನದ ಮಟ್ಟಿಗೆ ನೋಡಿದರೆ ಆ ಕಾಲುಗಳ ಬಲ ಕೆಲವು ವರ್ಷದ ಹಿಂದೆ ಇದ್ದದ್ದಕ್ಕಿಂತ ಕೂದಲೆಳೆಯಷ್ಟೇ ಕಡಿಮೆ. ಹಾಗಾದರೆ ಬೆಟ್ಟದಲ್ಲಿ ಏನಾಗುತ್ತದೆ? ಅದಕ್ಕೆ ರೇಸುಗಳಲ್ಲಿ ತಂಡದ ಎರಡನೇ ಕಾರಿನಲ್ಲಿ, ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕೂತು ನೋಡತೊಡಗಿದೆ.

ನೋಡಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ರೇಸ್ ಹೊರಟ ಗಳಿಗೆಯಿಂದ ಎಲ್ಲರಿಗಿಂತ ಮುಂದೆ ಶಿಬಾತಾ. ಅವರ ಅಗಲ ಬೆನ್ನಿನ ಹಿಂದೆ ರೆನ್ ಆರಾಮವಾಗಿ ಸಾಗುವನು. ನೀರು ಬೇಕೆಂದರೆ ಶಿಬಾತಾ ನಮ್ಮ ಕಾರಿನ ತನಕ ಹಿಂದೆ ಬಂದು, ಬಾಟಲಿಗಳನ್ನು ಜೆರ್ಸಿಯೊಳಗೆ ಎದೆಗೂ ಬೆನ್ನಿಗೂ ತುರುಕಿಕೊಂಡು, ಗರ್ಭಿಣಿಯಂತೆ ಉಬ್ಬಿ, ನೂರು ಸವಾರರ ಗುಂಪನ್ನು ಮತ್ತೆ ದಾಟಿ ಮುಂದೆ ಹೋಗಬೇಕು. ಹಾಗೆ ಒಂದೊಂದು ಸಲ ಮುಂದೆ ನುಗ್ಗಿದಾಗಲೂ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಒಂದೊಂದು ಹಿಡಿ ಖರ್ಚು. ಬೆಟ್ಟದ ಬುಡ ಬರುವ ಹೊತ್ತಿಗೆ ರೆನ್‌ನ ರೇಸ್ ಶುರುವಾಗುತ್ತಿತ್ತು, ಶಿಬಾತಾ-ಸಾನ್‌ರದು ಮುಗಿದಿರುತ್ತಿತ್ತು. ಬಯಲಿನಲ್ಲಿ ಗಾಳಿಯನ್ನು ಸೀಳುತ್ತಿದ್ದ ಅದೇ ದೊಡ್ಡ ಮೈ ಏರಿನಲ್ಲಿ ಹೊರೆ. ಬಯಲಿನಲ್ಲಿ ಎದುರಾಳಿ ಗಾಳಿ, ಬೆಟ್ಟದಲ್ಲಿ ಎದುರಾಳಿ ಸ್ವಂತ ತೂಕ. ಇದು ಯಾರಿಗಾದರೂ ಅರ್ಥವಾಗುವ ಮಾತು.

ಆದರೆ ಒಂದು ಸಂಗತಿ ಇದಕ್ಕೆ ಹೊಂದುತ್ತಿರಲಿಲ್ಲ. ಏಪ್ರಿಲಿನ ಚಳಿಯಲ್ಲಿ, ಇಷ್ಟೇ ದುಡಿದು, ಇಷ್ಟೇ ಖಾಲಿಯಾಗಿ, ಶಿಬಾತಾ-ಸಾನ್ ಬೆಟ್ಟವನ್ನು ತಕ್ಕಮಟ್ಟಿಗೆ ಹತ್ತಿದ್ದರು. ಮೇ ಕೊನೆಯ ಸೆಕೆಯಲ್ಲಿ ಬುಡದಲ್ಲೇ ಕುಸಿದರು. ನುಂಗುವ ಮಾತ್ರೆಯಂಥ ಒಂದು ಸೆನ್ಸರ್ ಕೊಟ್ಟು ಮೈಯೊಳಗಿನ ಕಾವನ್ನು ಅಳೆದಾಗ ಗುಟ್ಟು ಬಯಲಾಯಿತು. ಬಯಲಿನಲ್ಲಿ ವೇಗ ಇರುತ್ತದೆ, ಗಾಳಿ ಬೆವರನ್ನು ಒಣಗಿಸಿ ಮೈ ತಣಿಸುತ್ತದೆ. ಏರಿನಲ್ಲಿ ವೇಗ ಬೀಳುತ್ತದೆ, ಗಾಳಿ ನಿಲ್ಲುತ್ತದೆ. ದೊಡ್ಡ ಮೈ ಕುದಿಯುವ ಹಂಡೆ. ಅದು ಬೇಗ ಆರುವುದಿಲ್ಲ. ಮಳೆಗಾಲದ ಜಪಾನಿನಲ್ಲಂತೂ ಹವೆಯೇ ಒದ್ದೆ ಬಟ್ಟೆ, ಬೆವರು ಆರಲು ಜಾಗವೇ ಇಲ್ಲ. ಕಾವು ಒಂದು ಮಟ್ಟ ದಾಟಿದರೆ ಮಿದುಳು ಕಾಲಿಗೆ ಸಾಕು ಎನ್ನುತ್ತದೆ. ಸವಾರರು ಇದಕ್ಕೆ ಐಸ್ ತುಂಬಿದ ಕಾಲುಚೀಲವನ್ನು ಕತ್ತಿನ ಹಿಂದೆ ಜೆರ್ಸಿಯೊಳಗೆ ಇಟ್ಟುಕೊಳ್ಳುತ್ತಾರೆ. ಕಾರಿನಿಂದ ಆ ಐಸ್ ಗಂಟುಗಳನ್ನು ಎಲ್ಲರಿಗೂ ಹೊತ್ತು ಹಂಚುತ್ತಿದ್ದವರು ಶಿಬಾತಾ. ತಮಗೆಂದು ಒಂದನ್ನೂ ಇಟ್ಟುಕೊಂಡಿದ್ದನ್ನು ನಾನು ನೋಡಲಿಲ್ಲ.

ಅವರು ಕೇಳಿದ್ದಂತೆ ಮೊದಲು ಅವರಿಗೇ ಹೇಳಿದೆ.

"ಐಸಾ? ಅಷ್ಟೇನಾ?" ಎಂದು ನಕ್ಕರು.

"ಅಷ್ಟೇ ಅಲ್ಲ. ದಿನಾ ನಿಮ್ಮನ್ನ ಹಿಂಡಿ ಹಿಪ್ಪೆ ಮಾಡಿ ಬೆಟ್ಟಕ್ಕೆ ಬಿಡ್ತಾರೆ. ವಯಸ್ಸೂ ಇದೆ. ಮೂರನೇ ದಿನ, ನಾಲ್ಕನೇ ದಿನ ನಿಮ್ಮ ಸ್ನಾಯು ಮೊದಲಿನಷ್ಟು ಬೇಗ ಚೇತರಿಸಿಕೊಳ್ಳಲ್ಲ."

"ವಯಸ್ಸಿನ ವಿಷಯ ನನಗೆ ಗೊತ್ತು. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಅದು ನನಗಿಂತ ಮುಂಚೆ ಇಳಿಯುತ್ತೆ." ಆಮೇಲೆ ಮುಖ ಗಂಟಾಯಿತು. "ಆದರೆ ಐಸ್ ಸಾಧ್ಯ ಇಲ್ಲ, ಶೈರಾ-ಸಾನ್. ಹೊತ್ತು ತರುವವನು ತನಗೆ ಅಂತ ತೆಗೆದಿಡೋದಿಲ್ಲ. ಹದಿನಾರು ವರ್ಷದಲ್ಲಿ ಇಟ್ಟಿಲ್ಲ."

ಆ ವಾರ ಮನೆಯಲ್ಲೂ ಅದೇ ಮಾತು. ನನ್ನ ಮಗಳು ಅನನ್ಯಾ, ಆಗ ಹತ್ತು ವರ್ಷ, ಕನ್ನಡ ಎಲ್ಲಾ ತಿಳಿಯುತ್ತದೆ, ಬಾಯಲ್ಲಿ ಬರುವುದು ಬೇರೆ. "ಅಮ್ಮ, ಶಿಬಾತಾ-ಸಾನ್ ಆಲ್ವೇಸ್ ಬಿರಿ ನಾ?" ಎಂದಳು. 'ಬಿರಿ' ಎಂದರೆ ಇಲ್ಲಿಯ ಶಾಲೆಮಕ್ಕಳ ಮಾತಿನಲ್ಲಿ ಕಟ್ಟಕಡೆಯವನು. "ಸೋ ಹೀ ಈಸ್ ವೀಕ್."

ನಾನು ಸೌಟು ಕೆಳಗಿಟ್ಟೆ. "ವೀಕ್ ಅಂತೆ ವೀಕು! ನಿನ್ನ ರೆನ್‌ಗೆ ಒಂದು ದಿನ ಮುಂದೆ ಹೋಗಿ ಗಾಳಿ ಕುಡಿ ಅನ್ನು, ನೋಡೋಣ."

"ಅವಳ ಮೇಲೆ ಯಾಕೆ ಕೂಗ್ತೀಯ ಶೈಲೂ," ಎಂದ ಪ್ರಸನ್ನ. "ಅವ್ರಿಗೆ ಬೇಕಾಗಿರೋದು ಏಜ್ ಫ್ಯಾಕ್ಟರ್ ಅಂತ ಒಂದು ಲೈನ್. ಕೊಟ್ಬಿಡು. ಮಾರ್ಚಲ್ಲಿ ನಿನ್ ರಿನ್ಯೂವಲ್ ಇದೆ. ಸುಮ್ನೆ ಯಾಕೆ ತಲೆನೋವು?"

"ಏಜ್ ಫ್ಯಾಕ್ಟರ್ ಅಲ್ಲ ಅದು."

"ಸ್ವಲ್ಪನಾದ್ರೂ ಇರುತ್ತಲ್ವಾ?"

"ಸ್ವಲ್ಪ ಇದೆ. ನಿನ್ ತಲೆ ಬೋಳಾಗಿರೋದ್ರಲ್ಲೂ ಸ್ವಲ್ಪ ಏಜ್ ಇದೆ, ಸ್ವಲ್ಪ ನಿಮ್ಮಪ್ಪ ಇದಾರೆ, ಸ್ವಲ್ಪ ನಿನ್ ಮ್ಯಾನೇಜರ್ ಇದಾನೆ. ಎಲ್ಲಾನೂ ಏಜ್ ಅಂತ ಬರೆದ್ರೆ ಮ್ಯಾನೇಜರ್ ತಪ್ಪಿಸಿಕೊಂಡ ಹಾಗಾಯ್ತು."

ಪ್ರಸನ್ನ ತಲೆ ಸವರಿಕೊಂಡ.

ಜೂನ್ ಮೊದಲ ವಾರ ಕಾಂತೋಕು ಎದುರು ಕೂತು, ಪ್ರೊಫೆಸರರೂ ಪಕ್ಕದಲ್ಲಿದ್ದರು, ಕಂಡದ್ದನ್ನೆಲ್ಲ ಹೇಳಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನಾನು ಕೇಳಿದ್ದು ಕಾಲಿನ ಬಗ್ಗೆ, ಶೈರಾ-ಸಾನ್. ತಂಡ ಹೇಗೆ ನಡೆಸಬೇಕು ಅಂತ ಅಲ್ಲ."

"ಆ ಕಾಲನ್ನ ಖಾಲಿ ಮಾಡ್ತಿರೋದೇ ತಂಡ, ಓಗಾವಾ-ಸಾನ್. ತಂಡ ಬಿಟ್ಟು ಕಾಲಿನ ಬಗ್ಗೆ ನಾನು ಹೇಗೆ ಹೇಳಲಿ?"

ಪ್ರೊಫೆಸರರು ತಮ್ಮ ಚಹಾದ ಬಟ್ಟಲನ್ನೇ ನೋಡುತ್ತಾ ಕೂತರು. ವಾಪಸು ರೈಲಿನಲ್ಲಿ, "ಅವರು ಮುಂದಿನ ವರ್ಷದ ಒಪ್ಪಂದದ ಬಗ್ಗೆ ಮತ್ತೊಮ್ಮೆ ಯೋಚನೆ ಮಾಡಬಹುದು," ಎಂದಷ್ಟೇ ಹೇಳಿದರು. ಮಾಡಲಿ ಎಂದುಕೊಂಡೆ. ಆಡಿದ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳಬೇಕು ಎನಿಸಲಿಲ್ಲ.

ಆಮೇಲೆ ಆ ವರ್ಷದ ದೊಡ್ಡ ರೇಸ್ ಬಂತು, ಒಂದು ವಾರದ್ದು, ದಿನಕ್ಕೊಂದು ಹಂತ. ತ್ಸುಯು, ಅಂದರೆ ಇಲ್ಲಿಯ ಮಳೆಗಾಲ, ಶುರುವಾಗಿತ್ತು. ಬಿಡದೆ ಸುರಿದು, ಬಿಟ್ಟಾಗ ನೆಲದಿಂದ ಹಬೆ ಏಳುವ ದಿನಗಳು. ವಾರದ ನಡುವೆಯೇ ರೆನ್ ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದೆ ಬಂದು ಮುಂದಾಳಿನ ಜೆರ್ಸಿ ತೊಟ್ಟ. ಅದೇ ಹೊತ್ತಿಗೆ ಒದ್ದೆ ರಸ್ತೆಯಲ್ಲಿ ಜಾರಿ ನಮ್ಮ ಇಬ್ಬರು ಸಹಾಯಕರು ಆಸ್ಪತ್ರೆ ಸೇರಿದರು. ಇನ್ನಿಬ್ಬರು ಸುಸ್ತಾಗಿ ಹೋಗಿದ್ದರು. ಬೆಟ್ಟದ ಹಂತ ಬಂದದ್ದು ಕೊನೆಯ ದಿನದ ಹಿಂದಿನ ದಿನ, ನಾಗಾನೊ ಕಡೆ. ಅದರ ಮರುದಿನ ನದಿಯ ದಂಡೆಯುದ್ದ ಬಯಲಿನ ಹಂತ, ಅಡ್ಡಗಾಳಿಗೆ ಹೆಸರಾದದ್ದು. ಆ ಗಾಳಿಯಲ್ಲಿ ರೆನ್‌ನ ಹಕ್ಕಿಮೈಗೆ ಮರೆಯಾಗಿ ಯಾರೂ ಇಲ್ಲದಿದ್ದರೆ ಜೆರ್ಸಿ ಕೈಬಿಟ್ಟಂತೆಯೇ.

ಇಲ್ಲಿ ಒಂದು ನಿಯಮ ಹೇಳಬೇಕು. ಪ್ರತಿ ಹಂತದಲ್ಲೂ ಗೆದ್ದವನು ಮುಟ್ಟಿದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಗುರಿ ಮುಟ್ಟದವನು ರೇಸಿನಿಂದಲೇ ಹೊರಗೆ. ಮರುದಿನ ಅವನಿಗೆ ಅವಕಾಶವಿಲ್ಲ.

ಬೆಟ್ಟದ ಹಂತದ ಬೆಳಿಗ್ಗೆ ಮಳೆ ನಿಂತು ಬಿಸಿಲು ಸುರಿಯಿತು. ನಾನು ಹೋಟೆಲಿನ ಎದುರಿನ ಕೊಂಬಿನಿಗೆ, ಅಂದರೆ ಸದಾ ತೆರೆದಿರುವ ಇಲ್ಲಿಯ ಚಿಲ್ಲರೆ ಅಂಗಡಿಗೆ ಹೋಗಿ, ಇದ್ದಬದ್ದ ಕಾಲುಚೀಲ, ಐಸ್ ಎಲ್ಲ ಕೊಂಡು ತಂದೆ. ಪಾರ್ಕಿಂಗ್ ಜಾಗದಲ್ಲಿ ಕೂತು ತುಂಬಿಸುತ್ತಿದ್ದಾಗ ಶಿಬಾತಾ-ಸಾನ್ ಬಂದರು.

"ಇವು ನಿಮಗೆ. ಬೇರೆಯವರದ್ದು ಬೇರೆ ಡಬ್ಬಿಯಲ್ಲಿದೆ," ಎಂದೆ.

"ಹೇಳಿದೆನಲ್ಲ..."

"ಹೇಳಿದ್ದು ಕೇಳಿಸಿದೆ. ಇವತ್ತು ನೀವು ಕರಗಿಹೋದರೆ ನಾಳೆ ಗಾಳಿಯಲ್ಲಿ ರೆನ್ ಮುಂದೆ ಯಾರಿರ್ತಾರೆ? ನಾನಾ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಗಿಡ್ಡ, ಅದು ಸಾಲದೆಂದು ಸೀರಿಯಸ್ಸಾಗಿ ಕೈಯಲ್ಲೊಂದು ಮಂಜಿನ ಕಾಲುಚೀಲ ಹಿಡಿದು ಎದ್ದು ನಿಂತಿದ್ದೆ. ಅವರ ತುಟಿ ಅಲುಗಿತು. ಕೈ ಚಾಚಿ ಇಸಿದುಕೊಂಡರು.

ಆ ದಿನ ಅವರು ದುಡಿದದ್ದನ್ನು ನಾನು ಹೇಗೆ ವರ್ಣಿಸಲಿ. ಮಧ್ಯಾಹ್ನದವರೆಗೂ ಗುಂಪಿನ ಮೂತಿಯಲ್ಲಿ ಒಬ್ಬರೇ. ಬೇರೆ ತಂಡದವರು ಸರದಿಯಂತೆ ಮೂವರು ನಾಲ್ವರು ಓಡಿಹೋಗಲು ನೋಡಿದರೆ, ಒಬ್ಬರೇ ಅಟ್ಟಿಸಿ ಹಿಡಿದು ತಂದರು. ಬೆಟ್ಟದ ಬುಡದಲ್ಲಿ ಕೊನೆಯದಾಗಿ ಒಮ್ಮೆ ಎದ್ದುನಿಂತು ತುಳಿದು ರೆನ್‌ನನ್ನು ಏರಿಗೆ ಎಸೆದಂತೆ ಬಿಟ್ಟುಕೊಟ್ಟರು. ರೆನ್ ಹಾರಿಹೋದ. ಶಿಬಾತಾ-ಸಾನ್ ನಿಂತೇಹೋದರೇನೋ ಎಂಬಂತೆ ಹಿಂದೆ ಸರಿದರು. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕೊನೆಗೆ ರಸ್ತೆಯಲ್ಲಿ ಅವರು, ನಮ್ಮ ಕಾರು, ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನು, ಅಷ್ಟೇ.

ಮುಂದಿನ ಕಾರಿನಿಂದ ಕಾಂತೋಕು ರೇಡಿಯೋದಲ್ಲಿ ಬಂದರು. "ಶಿಬಾತಾ, ಒತ್ಸುಕಾರೆ. ಸಾಕು, ಕಾರು ಹತ್ತು." ಒತ್ಸುಕಾರೆ ಎಂದರೆ ದಿನದ ಕೆಲಸ ಮುಗಿಸಿದವರಿಗೆ ಹೇಳುವ ಮಾತು, ಬಹಳ ದಣಿದಿರಿ ಎಂದಂತೆ.

ಶಿಬಾತಾ-ಸಾನ್ ಒಂದು ಕೈಯಿಂದ ಕಿವಿಯ ರೇಡಿಯೋ ಎಳೆದು ಬಿಟ್ಟರು. ಅದು ಎದೆಯ ಮೇಲೆ ತೂಗಾಡತೊಡಗಿತು.

ಮತ್ತೆ ಕಾಂತೋಕು ದನಿ, ಈ ಸಲ ನಮ್ಮ ಕಾರಿಗೆ. "ಶೈರಾ-ಸಾನ್, ಈ ಸೆಕೆಯಲ್ಲಿ ಅವನಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು? ನೀವು ಹೇಳಿದರೆ ನಿಲ್ಲುತ್ತಾನೆ. ಹೇಳಿ."

ಆ ಮನುಷ್ಯ ಕೆಟ್ಟವರಲ್ಲ. ಅವರ ದನಿಯಲ್ಲಿದ್ದದ್ದು ನಿಜವಾದ ಭಯ. ನನಗೂ ಭಯವೇ. ಕಾವು ಏರಿ ಕುಸಿದವರನ್ನು ನಾನು ನೋಡಿದ್ದೇನೆ. ಕೆಲವರಿಗೆ ಮೊದಲು ಬೆವರು ನಿಲ್ಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಆಮೇಲೆ ಹೊತ್ತು ಉಳಿದಿರುವುದಿಲ್ಲ. ಇವರಿಗೆ ಏನಾದರೂ ಆದರೆ ನನ್ನ ಕೆಲಸ ಹೋಗುವುದು ಹಾಗಿರಲಿ, ನಾನು ಬದುಕಿರುವವರೆಗೂ ಆ ರಸ್ತೆ ಕಣ್ಣ ಮುಂದೆ ಇರುತ್ತಿತ್ತು. ಕಾರನ್ನು ಪಕ್ಕಕ್ಕೆ ತರಲು ಮೆಕ್ಯಾನಿಕ್‌ಗೆ ಹೇಳಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದೆ. ಅವರ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಒಳ್ಳೆಯದು.

"ಶಿಬಾತಾ-ಸಾನ್, ಇವತ್ತು ಯಾವ ವಾರ?"

"ಶನಿವಾರ."

"ಬೆಳಿಗ್ಗೆ ತಿಂಡಿ ಏನು ತಿಂದಿರಿ?"

"ಅನ್ನ. ನಾತ್ತೊ." ಒಂದು ಉಸಿರು. "ನೀವು ಮೂಗು ಮುಚ್ಚಿಕೊಂಡು ಎದ್ದು ಹೋದಿರಿ."

ತಲೆ ನೆಟ್ಟಗಿತ್ತು. ಹುಳಿತು ಅಂಟಾದ ಆ ಸೋಯಾ ಕಾಳಿನ ವಾಸನೆಗೆ ನಾನು ಎದ್ದುಹೋದದ್ದು ನಿಜ. ರೇಡಿಯೋ ತೆಗೆದುಕೊಂಡೆ. "ಓಗಾವಾ-ಸಾನ್, ನಿಲ್ಲಿಸೋಕೆ ನನಗೆ ಕಾರಣ ಕಾಣ್ತಿಲ್ಲ. ಕಂಡ ಕ್ಷಣ ನಾನೇ ಇಳಿದು ನಿಲ್ಲಿಸ್ತೀನಿ."

ರೇಡಿಯೋ ಕೆಳಗಿಟ್ಟೆ.

ಹೊಸ ಐಸ್ ಗಂಟು ಕತ್ತಿಗೆ ಕೊಟ್ಟೆ. ತಲೆಯ ಮೇಲೆ ನೀರು ಸುರಿದೆ. "ಈಗ ನಿಧಾನ. ಇನ್ನೂ ನಿಧಾನ. ಮುಂದಿನವರನ್ನ ನೋಡಬೇಡಿ," ಎಂದು ಹೇಳುತ್ತಲೇ ಇದ್ದೆ. ಸೋಲುವ ಸವಾರ ಬುಡದಲ್ಲೇ ಗಾಬರಿಯಿಂದ ತುಳಿದು ಕಾವೇರಿಸಿಕೊಳ್ಳುತ್ತಾನೆ. ಅದನ್ನು ತಪ್ಪಿಸಿದರೆ ಈ ಮೈಗೆ ಈ ಬೆಟ್ಟ ಅಸಾಧ್ಯವಲ್ಲ ಎಂದು ನನ್ನ ಲೆಕ್ಕಾಚಾರ ಹೇಳುತ್ತಿತ್ತು. ಲೆಕ್ಕಾಚಾರಕ್ಕೇನು, ಕಾರಿನಲ್ಲಿ ಕೂತು ಹೇಳುತ್ತದೆ. ತುಳಿಯುವವರು ಅವರು. ಸೀಡರ್ ಮರಗಳ ನಡುವೆ ಹಬೆ ಕಟ್ಟಿಕೊಂಡಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅರ್ಧ ಬೆಟ್ಟ ದಾಟಿದ ಮೇಲೆ ಒಂದು ತಿರುವಿನಲ್ಲಿ ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಮೂರನೇ ಸಲ ಕೂಗಿದೆ. ಕಾರಿನ ಬಾಗಿಲ ಹಿಡಿಗೆ ಕೈ ಹೋಗಿತ್ತು.

"ಶೈರಾ-ಸಾನ್," ಎಂದರು, ಮುಂದಕ್ಕೇ ನೋಡುತ್ತಾ. "ನೀವು ಬಹಳ ಮಾತಾಡ್ತೀರಿ."

ಮೆಕ್ಯಾನಿಕ್ ಸ್ಟೀರಿಂಗ್ ಹಿಡಿದುಕೊಂಡೇ ನಕ್ಕುಬಿಟ್ಟ. ನನಗೆ ನಗುವೂ ಬಂತು, ಅಳುವೂ ಬಂತು.

ತುದಿಯಲ್ಲಿ ಗುರಿಗೆರೆಯ ಬಳಿ ಅಧಿಕಾರಿಗಳು ಗಡಿಯಾರ ನೋಡುತ್ತಾ ನಿಂತಿದ್ದರು. ಗೆದ್ದವರಿಗೆ ಚಪ್ಪಾಳೆ ತಟ್ಟಿದ ಜನ ಛತ್ರಿ ಮಡಚಿ ಇಳಿಯುತ್ತಿದ್ದವರು, ಇವರನ್ನು ಕಂಡು ನಿಂತರು. ಕೊನೆಯ ಏರಿನಲ್ಲಿ ಶಿಬಾತಾ-ಸಾನ್ ಸೀಟಿನಿಂದ ಎದ್ದರು. ಹಾಗೆ ಎದ್ದು ತುಳಿಯುವುದು ಬೇಡವೆಂದು ನಾನೇ ಹೇಳಿದ್ದೆ. ಈಗ ನಾನೇ ಕಿಟಕಿಯಿಂದ ಹೊರಗೆ ಬಿದ್ದು, ಕನ್ನಡದಲ್ಲಿ, "ತುಳೀರೀ! ತುಳೀರೀ!" ಎಂದು ಕಿರಿಚುತ್ತಿದ್ದೆ. ಗೆರೆ ದಾಟಿದರು. ಅಧಿಕಾರಿ ಗಡಿಯಾರ ನೋಡಿ ತಲೆಯಾಡಿಸಿದ. ಒಳಗೆ. ಹೊತ್ತು ಇನ್ನೂ ಚೂರು ಉಳಿದಿತ್ತು.

ರೆನ್ ಅಲ್ಲೇ ಕಾಯುತ್ತಿದ್ದ. ಮುಂದಾಳಿನ ಜೆರ್ಸಿಯನ್ನು ಉಳಿಸಿಕೊಂಡಿದ್ದ. ಪತ್ರಕರ್ತರನ್ನು ಬಿಟ್ಟು ಓಡಿಬಂದು ಶಿಬಾತಾ-ಸಾನ್‌ರನ್ನು ಸೈಕಲ್ ಸಮೇತ ಹಿಡಿದುಕೊಂಡ. ಬಿಟ್ಟಿದ್ದರೆ ಅವರು ಬೀಳುತ್ತಿದ್ದರು.

ಮರುದಿನ ನದಿಯ ದಂಡೆಯಲ್ಲಿ ಗಾಳಿ ಹುಚ್ಚೆದ್ದು ಬೀಸಿತು. ಬೇರೆ ತಂಡಗಳು ರೆನ್‌ನನ್ನು ಒಂಟಿ ಮಾಡಲು ಮಾಡಿದ ಯತ್ನಗಳೆಲ್ಲ ಅಗಲದ ಆ ಬೆನ್ನಿಗೆ ಬಡಿದು ಬಿದ್ದವು. ರೆನ್ ಆ ವಾರದ ರೇಸ್ ಗೆದ್ದ. ವೇದಿಕೆಯ ಮೇಲೆ ಅವನ ಫೋಟೋ. ಶಿಬಾತಾ-ಸಾನ್ ಆಗ ಬಸ್ಸಿನ ಹಿಂದೆ ಕೂತು ಐಸ್ ಕ್ಯಾಂಡಿ ತಿನ್ನುತ್ತಿದ್ದರು.

ಇಷ್ಟಕ್ಕೇ ಕಥೆ ನಿಂತಿದ್ದರೆ ಚೆನ್ನಿತ್ತು. ಶರತ್ಕಾಲದಲ್ಲಿ ತಂಡ ಅವರ ಕರಾರನ್ನು ಮುಂದುವರಿಸಲಿಲ್ಲ. ಪ್ರಾಯೋಜಕರಿಗೆ ಹೊಸ ಮುಖ ಬೇಕಿತ್ತಂತೆ. ನಮ್ಮ ಪ್ರಯೋಗಾಲಯದ ಒಪ್ಪಂದವೂ ಅಲ್ಲಿಗೇ ಮುಗಿಯಿತು, ಮಾರ್ಚಿನಲ್ಲಿ ನನ್ನ ಕರಾರೂ. ಪ್ರಸನ್ನ ಕಾಫಿ ಮಾಡಿ ತಂದು ಕೈಗಿತ್ತ, ಅಷ್ಟೇ.

ಅದಕ್ಕೂ ಮುಂಚೆ, ಡಿಸೆಂಬರಿನಲ್ಲಿ ತಂಡದ ವರ್ಷಾಂತ್ಯದ ಕೂಟಕ್ಕೆ ನನ್ನನ್ನೂ ಕರೆದಿದ್ದರು. ಅಭಿಮಾನಿಗಳು, ಪ್ರಾಯೋಜಕರು ತುಂಬಿದ್ದ ಸಭಾಂಗಣ. ಕಾಂತೋಕು ಮೈಕ್ ಹಿಡಿದು, "ಹದಿನಾರು ವರ್ಷ ದುಡಿದ ಶಿಬಾತಾ ಈಗ ವಿಶ್ರಾಂತಿಗೆ ಹೊರಟಿದ್ದಾರೆ," ಎಂದು ದೊಡ್ಡ ಹೂಗುಚ್ಛ ಕೊಟ್ಟರು. ಎಲ್ಲ ಎದ್ದು ಚಪ್ಪಾಳೆ ತಟ್ಟಿದರು. ಶಿಬಾತಾ-ಸಾನ್ ಹೂ ತೆಗೆದುಕೊಂಡು ಆಳವಾಗಿ ಬಗ್ಗಿ ವಂದಿಸಿದರು. ಆಮೇಲೆ ಮೈಕ್ ಕೇಳಿ ಪಡೆದರು.

"ಹೂವಿಗೆ ಧನ್ಯವಾದ. ಆದರೆ ಒಂದು ತಪ್ಪು ತಿದ್ದಬೇಕು. ನಾನು ನಿವೃತ್ತಿ ಆಗ್ತಿಲ್ಲ. ತಂಡ ನನ್ನನ್ನ ಬಿಟ್ಟಿದೆ. ಅದು ಬೇರೆ, ಇದು ಬೇರೆ. ತಂಡಕ್ಕೆ ಆ ಹಕ್ಕಿದೆ, ನನಗೆ ಸಿಟ್ಟಿಲ್ಲ. ಆದರೆ ನಿಲ್ಲಿಸುವ ದಿನ ಯಾವುದು ಅನ್ನೋದನ್ನ ನಾನು ಹೇಳ್ತೀನಿ. ಇನ್ನೂ ಹೇಳಿಲ್ಲ."

ಹೂಗುಚ್ಛವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ತಮ್ಮ ಜಾಗಕ್ಕೆ ಬಂದು ಕೂತರು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಒಬ್ಬನ ಚಪ್ಪಾಳೆ ಕೇಳಿಸಿತು. ರೆನ್. ನಾನು ಎರಡನೆಯವಳು. ಆಮೇಲೆ ಎಷ್ಟು ಜನ ಸೇರಿದರು ಎಂದು ನೋಡಲಿಲ್ಲ, ನನ್ನ ಕೈ ಉರಿಯುತ್ತಿತ್ತು. ಕಾಂತೋಕು ತಲೆ ತಗ್ಗಿಸಿ ನಿಂತಿದ್ದವರು ಕೊನೆಗೆ ತಾವೂ ತಟ್ಟಿದರು.

ಶಿಬಾತಾ-ಸಾನ್‌ಗೆ ಉತ್ತರದ ಒಂದು ಸಣ್ಣ ತಂಡದಲ್ಲಿ ಜಾಗ ಸಿಕ್ಕಿತು. ಬಸ್ಸಿಲ್ಲದ, ಒಂದೇ ಕಾರಿನ ತಂಡ. ನನಗೆ ಕಾವಾಸಾಕಿಯಲ್ಲಿ ರಸ್ತೆ ಕೆಲಸದವರಿಗೆ ಫ್ಯಾನ್ ಕೂರಿಸಿದ ಜಾಕೆಟ್ ಮಾಡುವ ಕಂಪನಿಯಲ್ಲಿ ಕೆಲಸವಾಯಿತು. ಬಿಸಿಲಲ್ಲಿ ಬೇರೆಯವರಿಗಾಗಿ ದುಡಿಯುವ ಮೈಗಳನ್ನು ತಣ್ಣಗಿಡುವ ಕೆಲಸ. ಪ್ರೊಫೆಸರರಿಗೆ ನನ್ನ ಮೇಲೆ ಕನಿಕರ. ನನಗೆ ನನ್ನ ಮೇಲೆ ಇಲ್ಲ.

ಮುಂದಿನ ವರ್ಷದ ತ್ಸುಯುವಿನಲ್ಲಿ ಅದೇ ರೇಸ್ ಅದೇ ಬೆಟ್ಟಕ್ಕೆ ಬಂದಾಗ ನಾವು ಮೂವರೂ ಹೋಗಿ, ಏರಿನ ಮಧ್ಯದ ತಿರುವೊಂದರಲ್ಲಿ ನಿಂತೆವು. ರೆನ್ ಮೊದಲಿಗನಾಗಿ ಹಾರಿಹೋದ. ಗುಂಪು ಹೋಯಿತು. ಚೂರುಚೂರಾಗಿ ಉಳಿದವರು ಹೋದರು. ಅಕ್ಕಪಕ್ಕದ ಜನ ಚಾಪೆ ಮಡಚತೊಡಗಿದರು. "ಬರ್ತಾರಾ?" ಎಂದ ಪ್ರಸನ್ನ ಮೆಲ್ಲಗೆ. ಅನನ್ಯಾ ರಸ್ತೆಯ ತುದಿಗೆ ಹೋಗಿ ಕೆಳಗೆ ಇಣುಕಿ, "ಕಿತಾ! ಬಂದ್ರು, ಬಂದ್ರು!" ಎಂದು ಕುಣಿದಳು.

ಬೇರೆ ಬಣ್ಣದ ಜೆರ್ಸಿ, ಅದೇ ಬೆನ್ನು. ಕತ್ತಿನ ಹಿಂದೆ ಐಸ್ ಗಂಟು ಉಬ್ಬಿ ಕಾಣುತ್ತಿತ್ತು. ಹಿಂದೆ ಸೋತವರ ವ್ಯಾನು ಗುರುಗುಟ್ಟುತ್ತಾ ಬರುತ್ತಿತ್ತು. ಮುಖ ಕೆಂಡವಾಗಿತ್ತು, ಕಣ್ಣು ಒಳಗೆ ಹೋಗಿತ್ತು. ನನ್ನನ್ನು ಗುರುತು ಹಿಡಿದರು. ನಗಲು ಉಸಿರು ಉಳಿದಿರಲಿಲ್ಲ. ಪಕ್ಕದಲ್ಲಿ ಒಂದಷ್ಟು ದೂರ ನಾನು ಓಡಿದೆ.

"ಶೈರಾ-ಸಾನ್. ತುದಿ ಇನ್ನೂ ಎಷ್ಟು ದೂರ ಇದೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ತುಂಬಾ ಇದೆ, ಶಿಬಾತಾ-ಸಾನ್. ಇನ್ನೂ ತುಂಬಾ ಇದೆ."

"ಒಳ್ಳೇದಾಯ್ತು," ಎಂದರು. ಮತ್ತೆ ಬಗ್ಗಿ ತುಳಿಯತೊಡಗಿದರು.